ಮನೆಯೊಳಗೊಂದು ತಂತಿಯ ದಾರಿ

ಸಂಜೆ ಏಳೂವರೆಯಿಂದ ಹತ್ತು ಗಂಟೆಯವರೆಗಿನ ಹೊತ್ತು ಕಳೆದ ವರ್ಷದವರೆಗೂ ನಮ್ಮ ಮನೆಯಲ್ಲಿ ಕಲಹದ ಹೊತ್ತಾಗಿತ್ತು. ಒಳಕೋಣೆಯಲ್ಲಿ ನಮ್ಮ ತಾಯಿಯವರು ಟೀವಿಯ ಮುಂದೆ ಕುಳಿತು ಕುಂದಾಪುರದ ಕಡೆಯ ಯಕ್ಷಗಾನದ ನೇರ ಪ್ರಸಾರವನ್ನು ನೋಡುವರು. ಪಕ್ಕದ ಕೋಣೆಯಲ್ಲಿ, ಇದೇ ಶಾಲೆಯಲ್ಲಿ ಓದುತ್ತಿರುವ ನಮ್ಮ ಇಬ್ಬರು ಹುಡುಗರು ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು ಹಚ್ಚಿಕೊಂಡು, ಎಲ್ಲಿಯೋ ಇರುವ ಎದುರಾಳಿಗಳೊಡನೆ ಕಾಲ್ಚೆಂಡಿನ ಆಟದಲ್ಲಿ ತೊಡಗುವರು. ಎರಡಕ್ಕೂ ಅಂತರ್ಜಾಲವೇ ಆಧಾರ. ಚೆಂಡೆ ಏರುಗಾಲದಲ್ಲಿರುವಾಗ, ಪದವನ್ನೆತ್ತಲೆಂದು ಬಾಯಿ ತೆರೆದ ಭಾಗವತರು ತೆರೆದಂತೆಯೇ ನಿಂತುಬಿಡುವರು. ಪರದೆಯ ನಡುವೆ ಬಿಳಿಯ ಉಂಗುರವೊಂದು ಗಿರಗಿರನೆ ಸುತ್ತತೊಡಗುವುದು. ಅದೇ ಕ್ಷಣಕ್ಕೆ ಪಕ್ಕದ ಕೋಣೆಯಿಂದ "ಹೋಯಿತು!" ಎಂಬ ಕೂಗು ಕೇಳಿಬರುವುದು. ಗೋಲು ಹೊಡೆಯಬೇಕಾದವನು ಕಾಲೆತ್ತಿದಂತೆಯೇ ನಿಂತಿದ್ದನೆಂದೂ, ಕಣ್ಣು ಮಿಟುಕಿಸುವುದರೊಳಗೆ ಚೆಂಡು ಎದುರಾಳಿಯ ಬಳಿಗೆ ಹೋಗಿತ್ತೆಂದೂ ಅದರ ಅರ್ಥ.

ಹುಡುಗರ ಕೂಗಾಟವನ್ನು ನಾವು ಸಹಿಸಿಕೊಂಡಿದ್ದೆವು. ಆದರೆ ತಾಯಿಯವರ ವಿಚಾರ ಬೇರೆ. ಮಂಡಿನೋವಿನಿಂದಾಗಿ ಅವರು ಊರಿಗೆ ಹೋಗುವುದು ನಿಂತು ನಾಲ್ಕು ವರ್ಷಗಳಾಗಿವೆ. ಬಾಲ್ಯದಲ್ಲಿ ಗದ್ದೆಯಂಚಿನಲ್ಲಿ ಚಾಪೆ ಹಾಸಿ ಕುಳಿತು ನೋಡುತ್ತಿದ್ದ ಆಟಗಳನ್ನು ಈ ಮುಂಬಯಿಯ ಮೂರನೆಯ ಮಹಡಿಯಲ್ಲಿ ಕುಳಿತು ನೋಡುವ ಸುಖವೊಂದೇ ಅವರಿಗೆ ಉಳಿದಿದ್ದುದು. ಒಂದು ಸಂಜೆ ಮೂರು ಬಾರಿ ಚಿತ್ರ ನಿಂತ ತರುವಾಯ ಅವರು ಟೀವಿಯನ್ನು ಆರಿಸಿ, "ಮಕ್ಕಳು ಆಡಿಕೊಳ್ಳಲಿ ಬಿಡು ಮಗಾ, ನನಗೆ ಕತೆ ಗೊತ್ತಿದ್ದದ್ದೇ" ಎಂದು ಹೇಳಿ ಮಲಗಿಬಿಟ್ಟರು. ಮರುದಿನವೂ ಹಚ್ಚಲಿಲ್ಲ, ಅದರ ಮರುದಿನವೂ ಇಲ್ಲ. ಆಗ ನಮಗೆ ಇದಕ್ಕೊಂದು ಪರಿಹಾರವನ್ನು ಕಾಣಲೇಬೇಕೆನ್ನಿಸಿತು.

ಎಲ್ಲರೂ ಮಾಡುವಂತೆ ನಾವೂ ಮೊದಲು ಹಣದಿಂದ ಪರಿಹಾರವನ್ನು ಕೊಳ್ಳಲು ಹೋದೆವು. ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ಯೋಜನೆಯಿದ್ದುದನ್ನು ೩೦೦ಕ್ಕೆ ಏರಿಸಿಕೊಂಡೆವು. ತಿಂಗಳ ಬಿಲ್ಲು ಏರಿತೇ ಹೊರತು ಭಾಗವತರ ಬಾಯಿ ಮುಚ್ಚಲಿಲ್ಲ. ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವು. ಮುಂಬಾಗಿಲ ಮೇಲಿನ ಹಲಗೆಯಲ್ಲಿರುವ ರೌಟರಿನ ಕೆಳಗೇ ನಿಂತು ಫೋನಿನಲ್ಲಿ ವೇಗವನ್ನು ಅಳೆದೆವು: ೨೮೦. ಒಳಕೋಣೆಯಲ್ಲಿ, ಟೀವಿಯ ಪಕ್ಕದಲ್ಲಿ ನಿಂತು ಅಳೆದೆವು: ಒಮ್ಮೆ ೧೪, ಇನ್ನೊಮ್ಮೆ ೪೦, ಮತ್ತೊಮ್ಮೆ ೬. ಎಂದರೆ ನೀರು ಮನೆಯ ಬಾಗಿಲವರೆಗೆ ಧಾರಾಳವಾಗಿ ಬರುತ್ತಿತ್ತು; ಬಾಗಿಲಿನಿಂದ ಒಳಕೋಣೆಗೆ ಹೋಗುವ ಹದಿನೈದು ಹೆಜ್ಜೆಗಳಲ್ಲಿ ಸೋರಿಹೋಗುತ್ತಿತ್ತು. ವೇಗವನ್ನು ಕೊಳ್ಳುವ ಮುನ್ನ ಈ ಎರಡು ಕಡೆಗಳಲ್ಲಿ ನಿಂತು ಅಳೆಯಿರೆಂದು ಓದುಗರಿಗೆ ನಾವು ಒತ್ತಿ ಹೇಳುತ್ತೇವೆ. ಅದಕ್ಕೆ ಕಾಸಿನ ಖರ್ಚಿಲ್ಲ.

ಈ ಹದಿನೈದು ಹೆಜ್ಜೆಗಳಲ್ಲಿ ಆಗುವುದೇನು? ವೈಫೈ ಎಂಬುದು ರೇಡಿಯೋ ತರಂಗ. ತರಂಗಕ್ಕೆ ಗೋಡೆ ಅಡ್ಡಿ, ಗೋಡೆಯೊಳಗಿನ ಕಬ್ಬಿಣದ ಸರಳು ಇನ್ನೂ ದೊಡ್ಡ ಅಡ್ಡಿ. ಆದರೆ ನಮ್ಮಂಥ ನಗರವಾಸಿಗಳಿಗೆ ಗೋಡೆಗಿಂತಲೂ ದೊಡ್ಡ ಅಡ್ಡಿಯೊಂದುಂಟು, ಅದು ನೆರೆಹೊರೆ. ಗಾಳಿ ಎಲ್ಲರ ಸೊತ್ತು. ಒಂದು ದೊಡ್ಡ ಸಭಾಂಗಣದಲ್ಲಿ ನಡುವೆ ಗೋಡೆಯಿಲ್ಲದೆ ಐದು ತರಗತಿಗಳನ್ನು ನಡೆಸಿದರೆ ಹೇಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು. ಒಬ್ಬ ಅಧ್ಯಾಪಕರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಮ್ಮೆಗೇ ಆರಂಭಿಸಿದರೆ ಇಬ್ಬರ ಮಾತೂ ಕೆಡುತ್ತದೆ, ಇಬ್ಬರೂ ಮತ್ತೆ ಹೇಳಬೇಕಾಗುತ್ತದೆ. ವೈಫೈ ಯಂತ್ರಗಳು ನಡೆದುಕೊಳ್ಳುವುದು ಹೀಗೆಯೇ. ಪ್ರತಿಯೊಂದೂ ಮಾತನಾಡುವ ಮುನ್ನ ಕಿವಿಗೊಡುತ್ತದೆ. ಬೇರೆಯವರ ದನಿ ಕೇಳಿದರೆ ತಡೆದು ನಿಲ್ಲುತ್ತದೆ. ಹಳೆಯ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಕಾಲುವೆಗಳು ಮೂರೇ: ೧, ೬ ಮತ್ತು ೧೧. ನಮ್ಮ ಒಳಕೋಣೆಯಲ್ಲಿ ನಿಂತು ಫೋನಿನಲ್ಲಿ ಎಣಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಮನೆಗಳ ವೈಫೈ ಹೆಸರುಗಳು ಕಾಣಿಸಿದುವು. ಮೂರು ದಾರಿಗಳಲ್ಲಿ ಇಪ್ಪತ್ತು ಮನೆಗಳ ಸಂಚಾರ! ಇದರ ಜೊತೆಗೆ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತದೆ. ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ದಾರಿಗಳು ಹೆಚ್ಚು; ಆದರೆ ಗೋಡೆಯನ್ನು ದಾಟುವ ಶಕ್ತಿ ಅದಕ್ಕೆ ಕಡಮೆ. ಸಂಜೆಯ ಹೊತ್ತಿಗೇ ತೊಂದರೆ ಹೆಚ್ಚಾಗುವುದು ಏಕೆಂಬುದು ಈಗ ತಿಳಿದೀತು. ಕಟ್ಟಡದವರೆಲ್ಲ ಆಗ ಮನೆ ಸೇರಿರುತ್ತಾರೆ.

ಟೀವಿ, ಆಟದ ಯಂತ್ರ, ಮೇಜಿನ ಮೇಲಿನ ಗಣಕಯಂತ್ರ—ಇವು ನಡೆದಾಡುವ ವಸ್ತುಗಳಲ್ಲ. ಇಟ್ಟಲ್ಲಿ ವರ್ಷಗಟ್ಟಲೆ ಇರುವಂಥವು. ಇವುಗಳಿಗೆ ಗಾಳಿಯ ದಾರಿಯನ್ನೇಕೆ ಕೊಡಬೇಕು? ತಂತಿಯನ್ನು ಕೊಟ್ಟರೆ ಅವುಗಳಿಗೂ ನೆಮ್ಮದಿ, ಕೈಯಲ್ಲಿ ಹಿಡಿದು ಓಡಾಡುವ ಫೋನುಗಳಿಗೂ ಗಾಳಿ ತೆರವಾಗುತ್ತದೆ. ಈ ಆಲೋಚನೆ ಬಂದ ಮೇಲೆ ನಾವು ತಂತಿಯ ವಿಚಾರವನ್ನು ಓದತೊಡಗಿದೆವು. ವೃತ್ತಿಯಿಂದ ನಾವು ಲೆಕ್ಕಪತ್ರದವರು, ಯಂತ್ರಜ್ಞರಲ್ಲ. ಆದರೂ ಓದುತ್ತ ಹೋದಂತೆ ಸೋಜಿಗವಾಯಿತು.

ಮನೆಮನೆಯ ತಂತಿಜಾಲಕ್ಕೆ ಇಂದು ಈಥರ್ನೆಟ್ ಎಂದು ಹೆಸರು. ಇದರ ಮೂಲವಿರುವುದು ತಂತಿಯಲ್ಲಲ್ಲ, ರೇಡಿಯೋದಲ್ಲಿ! ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು, ನಾರ್ಮನ್ ಅಬ್ರಾಮ್ಸನ್ ಎಂಬವರ ನೇತೃತ್ವದಲ್ಲಿ, ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಮೂಲಕ ಗಣಕಯಂತ್ರಗಳನ್ನು ಬೆಸೆದು ಅಲೋಹಾನೆಟ್ ಎಂಬ ಜಾಲವನ್ನು ನಡೆಸಿದರು. ಕಳುಹಿಸಿದ ಸಂದೇಶ ಮುಟ್ಟಿತೆಂಬ ಉತ್ತರ ಬಾರದಿದ್ದರೆ ಸ್ವಲ್ಪ ಕಾದು ಮತ್ತೆ ಕಳುಹಿಸುವುದು ಅದರ ಕ್ರಮ. ಇದನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫ್ ಎಂಬ ತರುಣರು ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ, ಅದೇ ಕ್ರಮವನ್ನು ಸುಧಾರಿಸಿ ಒಂದು ಕೇಬಲಿನೊಳಗೆ ತಂದರು. ಡೇವಿಡ್ ಬಾಗ್ಸ್ ಅವರಿಗೆ ಜೊತೆಯಾದರು. ಬೆಳಕು ಸಂಚರಿಸಲು ಆಧಾರವಾಗಿ ಈಥರ್ ಎಂಬ ಸರ್ವವ್ಯಾಪಿ ವಸ್ತುವೊಂದಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರಷ್ಟೆ. ಆ ಇಲ್ಲದ ವಸ್ತುವಿನ ಹೆಸರನ್ನೇ ಈ ಇರುವ ತಂತಿಗೆ ಇಟ್ಟರು. ಅಂದಿನ ಅದರ ವೇಗ ಸೆಕೆಂಡಿಗೆ ೩ ಮೆಗಾಬಿಟ್ಟಿಗೂ ತುಸು ಕಡಮೆ. ೧೯೯೯ರಲ್ಲಿ ಸಾಧಾರಣ ತಾಮ್ರದ ತಂತಿಯ ಮೇಲೆಯೇ ೧೦೦೦ ಮೆಗಾಬಿಟ್ಟು ಹರಿಸುವ ಕ್ರಮ ಬಂತು. ಇಂದು ನಾವು ಮನೆಯಲ್ಲಿ ಹಾಕಿಕೊಳ್ಳುವುದು ಈ ಕ್ರಮದ ತಂತಿಯನ್ನೇ.

ತಂತಿಯ ತುದಿಯನ್ನು ಸುಲಿದು ನೋಡಿದರೆ ಎಂಟು ಎಳೆಗಳು ಕಾಣುತ್ತವೆ. ಎರಡೆರಡು ಒಂದಕ್ಕೊಂದು ಜಡೆಯಂತೆ ಹೊಸೆದುಕೊಂಡಿರುತ್ತವೆ. ಇದು ಅಲಂಕಾರಕ್ಕಲ್ಲ. ಜೋಡಿಯ ಒಂದು ಎಳೆಯಲ್ಲಿ ಸಂಕೇತವನ್ನು ನೇರವಾಗಿಯೂ ಇನ್ನೊಂದರಲ್ಲಿ ತಿರುಗುಮುರುಗಾಗಿಯೂ ಕಳುಹಿಸುತ್ತಾರೆ. ಹೊರಗಿನ ವಿದ್ಯುತ್ತಿನ ಗದ್ದಲ, ಎಳೆಗಳು ಹೊಸೆದುಕೊಂಡಿರುವುದರಿಂದ, ಎರಡರ ಮೇಲೂ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಕಳೆದುಹೋಗಿ ಸಂಕೇತ ಇಮ್ಮಡಿಯಾಗಿ ಉಳಿಯುತ್ತದೆ. ಮೂರನೆಯ ತರಗತಿಯ ವ್ಯವಕಲನದಷ್ಟು ಸರಳವಾದ ಈ ಉಪಾಯಕ್ಕೆ ೧೮೮೧ರಷ್ಟು ಹಿಂದೆಯೇ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ಪೇಟೆಂಟ್ ಪಡೆದಿದ್ದರು. ನಾಲ್ಕು ಜೋಡಿಗಳ ಹೊಸೆತವೂ ಒಂದೇ ಬಿಗಿಯಲ್ಲಿರುವುದಿಲ್ಲ. ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲೆಂದು ಬೇರೆ ಬೇರೆ ಬಿಗಿಯಲ್ಲಿ ಹೊಸೆದಿರುತ್ತಾರೆ.

ಇಲ್ಲಿ ಯಕ್ಷಗಾನಕ್ಕೂ ಕಾಲ್ಚೆಂಡಿಗೂ ಇರುವ ಭೇದವನ್ನು ಹೇಳಬೇಕು. ನಾವು ಬಹಳ ದಿನ ತಪ್ಪು ತಿಳಿದಿದ್ದ ಸಂಗತಿಯಿದು. ಚಲನಚಿತ್ರವನ್ನು ತೋರಿಸುವ ಟೀವಿಗೆ ಬೇಕಾದುದು ಧಾರಾಳತನ. ಅತ್ಯಂತ ಸೂಕ್ಷ್ಮವಾದ ೪ಕೆ ಚಿತ್ರಕ್ಕೂ ಸೆಕೆಂಡಿಗೆ ೧೫ರಿಂದ ೨೫ ಮೆಗಾಬಿಟ್ಟು ಸಾಕು. ಮುಂದಿನ ಭಾಗವನ್ನು ಅದು ಮೊದಲೇ ತುಂಬಿಟ್ಟುಕೊಳ್ಳುವುದರಿಂದ ನಡುವೆ ತುಸು ತಡೆಯಾದರೂ ನೋಡುವವರಿಗೆ ತಿಳಿಯುವುದಿಲ್ಲ. ನೇರ ಪ್ರಸಾರದಲ್ಲಿ ಹೀಗೆ ತುಂಬಿಟ್ಟುಕೊಳ್ಳಲು ಅವಕಾಶ ಕಡಮೆ. ಭಾಗವತರು ಇನ್ನೂ ಹಾಡದ ಪದವನ್ನು ಯಾರು ತಾನೆ ಮುಂಚಿತವಾಗಿ ತಂದಿರಿಸಬಲ್ಲರು? ಆದ್ದರಿಂದಲೇ ನಮ್ಮ ತಾಯಿಯವರ ಆಟ ಮೇಲಿಂದ ಮೇಲೆ ನಿಲ್ಲುತ್ತಿದ್ದುದು, ಸಿನಿಮಾ ನಿಲ್ಲದೆ ಇದ್ದುದು. ಇನ್ನು ಹುಡುಗರ ಆಟಕ್ಕೆ ಬೇಕಾದ ಪ್ರಮಾಣ ತೀರ ಅಲ್ಪ. ಸಾಮಾನ್ಯವಾಗಿ ಒಂದು ಮೆಗಾಬಿಟ್ಟಿನೊಳಗೆ ಮುಗಿಯುತ್ತದೆ. ಆದರೆ ಅದು ತಪ್ಪದೆ ಹೊತ್ತಿಗೆ ಸರಿಯಾಗಿ ಬರಬೇಕು. ಸಂದೇಶವೊಂದು ಹೋಗಿ ಉತ್ತರ ಬರುವ ಕಾಲವನ್ನು ಆಟಗಾರರು ಪಿಂಗ್ ಎನ್ನುತ್ತಾರೆ. ಅದು ೪೦ ಮಿಲಿಸೆಕೆಂಡು ಇದ್ದು ೪೦ ಆಗಿಯೇ ಉಳಿದರೆ ಚಿಂತೆಯಿಲ್ಲ. ಒಮ್ಮೆ ೪೦, ಒಮ್ಮೆ ೨೦೦, ಮರುಕ್ಷಣ ೬೦ ಎಂದು ಕುಣಿದರೆ ಆಟ ಕೆಡುತ್ತದೆ. ವೈಫೈಯಲ್ಲಿ ಸರದಿಗಾಗಿ ಕಾಯುವುದರಿಂದ ಈ ಕುಣಿತ. ತಂತಿಯಲ್ಲಿ ಸರದಿಯೇ ಇಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಮ್ಮೆಗೇ ದಾರಿ ತೆರೆದಿರುತ್ತದೆ. ಮನೆಯೊಳಗಿನ ಪಯಣಕ್ಕೆ ಒಂದು ಮಿಲಿಸೆಕೆಂಡು ಕೂಡ ಹಿಡಿಯುವುದಿಲ್ಲ.

ಕೆಲಸಕ್ಕಿಳಿಯುವ ಮುನ್ನ ಒಂದು ಭಾನುವಾರ ಮನೆಯ ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆ ಬರೆದು, ದಾರದಿಂದ ಗೋಡೆಗುಂಟ ಅಳೆದೆವು. ರೌಟರಿನಿಂದ ಹುಡುಗರ ಕೋಣೆಗೆ ೧೭ ಮೀಟರು. ಅಲ್ಲಿ ಎಂಟು ಕಿಂಡಿಗಳ ಸ್ವಿಚ್ ಒಂದನ್ನಿಡುವುದು. ಅದರಿಂದ ಆಟದ ಯಂತ್ರಕ್ಕೆ, ಗಣಕಯಂತ್ರಕ್ಕೆ ಮತ್ತು ಗೋಡೆಯಾಚೆಯ ಟೀವಿಗೆ ಒಂದೊಂದು ತಂತಿ. ಸ್ವಿಚ್ ಎಂದರೆ ಇಲ್ಲಿ ದೀಪ ಹಚ್ಚುವ ಗುಂಡಿಯಲ್ಲ. ಅದೊಂದು ಸಣ್ಣ ಅಂಚೆಕಚೇರಿ. ಪ್ರತಿಯೊಂದು ಯಂತ್ರಕ್ಕೂ ಹುಟ್ಟಿನಿಂದಲೇ ಬಂದ ವಿಳಾಸವೊಂದಿರುತ್ತದೆ. ಯಾವ ವಿಳಾಸದವರು ಯಾವ ಕಿಂಡಿಯ ಕಡೆ ಇದ್ದಾರೆಂಬುದನ್ನು ಸ್ವಿಚ್ಚು ತಾನಾಗಿಯೇ ಕಲಿತುಕೊಂಡು, ಟೀವಿಯ ಪತ್ರವನ್ನು ಟೀವಿಗೂ ಆಟದ ಪತ್ರವನ್ನು ಆಟದ ಯಂತ್ರಕ್ಕೂ ಮುಟ್ಟಿಸುತ್ತದೆ. ಅದಕ್ಕೆ ಯಾವ ಏರ್ಪಾಟನ್ನೂ ಮಾಡಬೇಕಾಗಿಲ್ಲ. ವಿದ್ಯುತ್ತು ಕೊಟ್ಟರೆ ಸಾಕು. ಕೆಲವರು ಹಳೆಯ ರೌಟರನ್ನೇ ಸ್ವಿಚ್ಚಿನಂತೆ ಬಳಸುತ್ತಾರೆ. ಹಾಗೆ ಮಾಡುವುದಾದರೆ ಅದರ ರೌಟರ್‌ಗಿರಿಯನ್ನು ನಿಲ್ಲಿಸಿಯೇ ಬಳಸಬೇಕು. ಇಲ್ಲವಾದರೆ ಮನೆಯೊಳಗೆ ಇನ್ನೊಂದು ಮನೆ ಕಟ್ಟಿದಂತಾಗಿ, ಆಟದ ಯಂತ್ರಗಳು ಎದುರಾಳಿಗಳನ್ನು ತಲಪಲಾರದೆ ಒದ್ದಾಡುತ್ತವೆ.

ತಂತಿಯನ್ನು ಕೊಳ್ಳುವಲ್ಲಿ ನಾವು ಮೋಸಹೋದೆವು. ಮನೆಯ ಸಮೀಪದ ಅಂಗಡಿಯೊಂದರಲ್ಲಿ ಅಗ್ಗವಾಗಿ ಸಿಕ್ಕಿತೆಂದು ಇಡೀ ಸುರುಳಿಯನ್ನು ತಂದೆವು. ತುದಿಗಳನ್ನು ಕೂರಿಸಲು ಹೋದರೆ ಎಳೆಗಳು ಪಟಪಟನೆ ಮುರಿಯತೊಡಗಿದುವು. ಹಿರಿಯ ಹುಡುಗನು ಬ್ಲೇಡಿನಿಂದ ಒಂದೆಳೆಯನ್ನು ಕೆರೆದು ತೋರಿಸಿದ: ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳನೆಯ ಅಲ್ಯೂಮಿನಿಯಂ! ತಾಮ್ರದ ಲೇಪ ಮಾತ್ರವಿರುವ ಇಂಥ ತಂತಿ ಪೇಟೆಯಲ್ಲಿ ಹೇರಳವಾಗಿದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಇದು ಆ ದರ್ಜೆಯ ನಿಯಮಗಳಿಗೆ ಒಪ್ಪುವಂಥದಲ್ಲ. ಬಾಗಿಸಿದರೆ ಮುರಿಯುತ್ತದೆ, ಪ್ರವಾಹಕ್ಕೆ ತಡೆಯೂ ಹೆಚ್ಚು. ಆ ಸುರುಳಿ ಈಗ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಉಪಯೋಗವಾಗುತ್ತಿದೆ. ಮುಂದಿನ ಶನಿವಾರ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಅಂಗಡಿಯವರ ಎದುರಿನಲ್ಲೇ ಕೆರೆದು ನೋಡಿ, ಅಪ್ಪಟ ತಾಮ್ರದ ಕ್ಯಾಟ್ ೬ ತಂತಿಯನ್ನು ಮೀಟರಿನ ಲೆಕ್ಕದಲ್ಲಿ ತಂದೆವು. ನಮ್ಮ ಅಗತ್ಯಕ್ಕೆ ಕ್ಯಾಟ್ ೫ಇ ದರ್ಜೆಯೂ ಸಾಕಾಗುತ್ತಿತ್ತು. ೧೦೦ ಮೀಟರಿನವರೆಗೆ ಅದು ೧೦೦೦ ಮೆಗಾಬಿಟ್ಟನ್ನು ಒಯ್ಯಬಲ್ಲುದು. ಗೋಡೆಗೆ ಒಮ್ಮೆ ಹಾಕಿದ್ದನ್ನು ಮತ್ತೆ ಕೀಳುವವರಾರೆಂದು ಮೇಲಿನ ದರ್ಜೆಯನ್ನೇ ಆರಿಸಿದೆವು.

ಗೋಡೆ ಕೊರೆಯುವ ವಿಚಾರದಲ್ಲಿ ನಗರದ ಮನೆಗಳವರು ಬಹಳ ಎಚ್ಚರ ವಹಿಸಬೇಕು. ಕಾಂಕ್ರೀಟಿನ ಕಂಬಕ್ಕೂ ತೊಲೆಗೂ ಡ್ರಿಲ್ಲನ್ನು ತಾಗಿಸಲೇಕೂಡದು. ಅವು ಒಬ್ಬರ ಮನೆಯವಲ್ಲ, ಇಡೀ ಕಟ್ಟಡದವು. ಗೋಡೆಯೊಳಗೆ ವಿದ್ಯುತ್ತಿನ ತಂತಿ ಎಲ್ಲಿ ಹಾದಿದೆಯೆಂದು ತಿಳಿಯದೆ ಕೊರೆಯುವುದು ಪ್ರಾಣಕ್ಕೇ ಸಂಚಕಾರ. ನಮ್ಮ ಪುಣ್ಯಕ್ಕೆ ಕೊರೆಯುವ ಪ್ರಮೇಯವೇ ಬರಲಿಲ್ಲ. ಹಿಂದೆ ಕೇಬಲ್ ಟೀವಿಯವರು ಕೊರೆದಿದ್ದ ರಂಧ್ರಗಳು ಗೋಡೆಗಳಲ್ಲಿ ಹಾಗೆಯೇ ಇದ್ದುವು. ಅವುಗಳಲ್ಲಿ ಸತ್ತ ಕರಿಯ ತಂತಿಯೂ ಇತ್ತು. ಹೊಸ ತಂತಿಯನ್ನು ಹಳೆಯದರ ತುದಿಗೆ ಬಿಗಿಯಾಗಿ ಕಟ್ಟಿ, ಆಚೆಯಿಂದ ಹಳೆಯದನ್ನು ಮೆಲ್ಲನೆ ಎಳೆದಾಗ ಹೊಸದು ಹಿಂದೆಯೇ ಬಂತು. ಉಳಿದ ಕಡೆ ಗೋಡೆಯ ಬುಡಗುಂಟ ಪ್ಲಾಸ್ಟಿಕ್ಕಿನ ಕೇಸಿಂಗ್ ಪಟ್ಟಿಯನ್ನು ಅಂಟಿಸಿ ಅದರೊಳಗೆ ಕೂರಿಸಿದೆವು. ಬಾಡಿಗೆಯ ಮನೆಯವರಿಗೂ ಇದು ಒಪ್ಪುವ ಕ್ರಮ. ವಿದ್ಯುತ್ತಿನ ತಂತಿ ಇರುವ ಪಟ್ಟಿಯಲ್ಲೇ ಇದನ್ನೂ ತುರುಕಬಾರದು. ಮೂಲೆಗಳಲ್ಲಿ ಚೂಪಾಗಿ ಮಡಿಸದೆ, ಒಂದು ರೂಪಾಯಿಯ ನಾಣ್ಯದ ಸುತ್ತ ಬಾಗಿಸುವುದಕ್ಕಿಂತಲೂ ವಿಶಾಲವಾಗಿ ಬಾಗಿಸಬೇಕು; ಮಡಿಕೆ ಬಿದ್ದಲ್ಲಿ ಒಳಗಿನ ಹೊಸೆತ ಕೆಡುತ್ತದೆ.

ತುದಿಗಳಿಗೆ ಕನೆಕ್ಟರನ್ನು ಕೂರಿಸುವುದು ಕೈಗಾರಿಕೆಯ ಭಾಗ. ಸಿದ್ಧ ತುದಿಯ ತಂತಿ ಪೇಟೆಯಲ್ಲಿ ಸಿಗುತ್ತದೆ. ಆದರೆ ಕನೆಕ್ಟರಿರುವ ತುದಿ ಗೋಡೆಯ ಸಣ್ಣ ರಂಧ್ರದಲ್ಲಿ ತೂರುವುದಿಲ್ಲವಾದ್ದರಿಂದ ನಾವೇ ಕೂರಿಸಬೇಕಾಯಿತು. ಎಂಟು ಎಳೆಗಳನ್ನು ಬಿಡಿಸಿ ಈ ಅನುಕ್ರಮದಲ್ಲಿ ಸಾಲಾಗಿ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಸೇರಿಕೊಳ್ಳುವುದನ್ನು ಗಮನಿಸಬೇಕು. ಎಲ್ಲರೂ ತಪ್ಪುವುದು ಅಲ್ಲಿಯೇ. ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚದೆ, ಎಳೆಗಳನ್ನು ಸಮನಾಗಿ ಕತ್ತರಿಸಿ, ಕನೆಕ್ಟರಿನ ತುದಿಯವರೆಗೆ ದೂಡಿ, ಕ್ರಿಂಪಿಂಗ್ ಇಕ್ಕಳದಿಂದ ಒಮ್ಮೆ ಗಟ್ಟಿಯಾಗಿ ಒತ್ತಿದರೆ ಮುಗಿಯಿತು. ನಮ್ಮ ಮೊದಲ ಆರು ಕನೆಕ್ಟರುಗಳು ಕಸದ ಬುಟ್ಟಿಯನ್ನು ಸೇರಿದುವು. ಏಳನೆಯದನ್ನು ಹತ್ತು ವರ್ಷದ ಕಿರಿಯವನು ಮಾಡಿದ. ಅದು ಮೊದಲ ಸಲಕ್ಕೇ ಸರಿಹೋಯಿತು. ಸಣ್ಣ ಬೆರಳುಗಳ ಮಹಿಮೆಯೆಂದು ನಾವು ಸಮಾಧಾನಪಟ್ಟುಕೊಂಡೆವು.

ಎಲ್ಲವನ್ನೂ ಜೋಡಿಸಿ ಅಳೆದಾಗ ಆಟದ ಯಂತ್ರ ೯೫ ತೋರಿಸಿತು. ೩೦೦ ಎಲ್ಲಿ ಹೋಯಿತು? ಸ್ವಿಚ್ಚಿನ ದೀಪದ ಬಣ್ಣವನ್ನು ಅದರೊಡನೆ ಬಂದ ಕಾಗದದೊಡನೆ ಹೋಲಿಸಿ ನೋಡಿದಾಗ, ರೌಟರಿನಿಂದ ಬಂದ ಉದ್ದ ತಂತಿ ೧೦೦೦ದ ಬದಲು ೧೦೦ರಲ್ಲಿ ನಡೆಯುತ್ತಿದೆಯೆಂದು ತಿಳಿಯಿತು. ಇದೊಂದು ಸ್ವಾರಸ್ಯದ ಸಂಗತಿ. ೧೦೦ ಮೆಗಾಬಿಟ್ಟಿಗೆ ಕಿತ್ತಳೆ ಮತ್ತು ಹಸಿರು ಜೋಡಿಗಳೆರಡೇ ಸಾಕು; ೧೦೦೦ಕ್ಕೆ ನಾಲ್ಕೂ ಬೇಕು. ಒಂದು ಜೋಡಿ ಕೆಟ್ಟರೆ ತಂತಿ ಸತ್ತುಹೋಗುವುದಿಲ್ಲ. ಬಹಳ ಯಂತ್ರಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ಕೆಲಸ ಮಾಡುತ್ತಿರುತ್ತವೆ. ಪರೀಕ್ಷಾ ಯಂತ್ರವನ್ನು ಹಚ್ಚಿದಾಗ ಎಂಟನೆಯ ದೀಪ ಹತ್ತಲಿಲ್ಲ: ಕಂದು ಎಳೆ ತುದಿಯನ್ನು ಮುಟ್ಟಿರಲಿಲ್ಲ. ಕತ್ತರಿಸಿ ಹೊಸ ಕನೆಕ್ಟರನ್ನು ಕೂರಿಸಿದ ಮೇಲೆ ೨೯೦ ಬಂತು. ಆದರೆ ಟೀವಿ ಮಾತ್ರ ೯೪ಕ್ಕಿಂತ ಮೇಲೇಳಲಿಲ್ಲ. ಆ ತಂತಿಯ ಎರಡು ತುದಿಗಳನ್ನೂ ಎರಡೆರಡು ಸಲ ಕತ್ತರಿಸಿ ಮತ್ತೆ ಕೂರಿಸಿದೆವು. ಒಂದು ಭಾನುವಾರ ಅದರಲ್ಲೇ ಕಳೆಯಿತು. ಕೊನೆಗೆ ಟೀವಿಯ ಕೈಪಿಡಿಯನ್ನು ಓದಿದಾಗ ತಿಳಿದುದೇನೆಂದರೆ, ಅದರ ಕಿಂಡಿಯೇ ೧೦೦ ಮೆಗಾಬಿಟ್ಟಿನದು! ಬೆಲೆಬಾಳುವ ಎಷ್ಟೋ ಟೀವಿಗಳಲ್ಲಿ ಹೀಗೆಯೇ ಇದೆ. ಇದರಿಂದ ಹಾನಿಯೇನಿಲ್ಲ, ೨೫ ಸಾಕಾದ ಕಡೆ ಅಲುಗದ ೯೪ ಇದ್ದರೆ ಬೇಕಾದಷ್ಟಾಯಿತು. ಆದರೆ ಕೈಪಿಡಿಯನ್ನು ಮೊದಲು ಓದಬೇಕಿತ್ತು. ಹಾಗೆಯೇ ಆಟದ ಯಂತ್ರಗಳಲ್ಲಿಯೂ ಕಿಂಡಿಯಿದೆಯೇ ಎಂದು ನೋಡಿಕೊಳ್ಳುವುದು ಲೇಸು. ೨೦೧೭ರಲ್ಲಿ ಬಂದ ನಿಂಟೆಂಡೋ ಸ್ವಿಚ್ಚಿನ ಪೀಠದಲ್ಲಿ ತಂತಿಯ ಕಿಂಡಿಯೇ ಇರಲಿಲ್ಲ. ಯುಎಸ್‌ಬಿ ಮೂಲಕ ಬೇರೊಂದು ತುಂಡನ್ನು ಸಿಕ್ಕಿಸಬೇಕಿತ್ತು. ೨೦೨೧ರ ಓಎಲ್‌ಇಡಿ ಮಾದರಿಯಲ್ಲಿ ಅದನ್ನು ಒದಗಿಸಿದರು.

ಎರಡು ವಾರ ಎಲ್ಲವೂ ಸುಸೂತ್ರವಾಗಿತ್ತು. ಮೂರನೆಯ ವಾರದ ಒಂದು ಸಂಜೆ ಮನೆಯ ಅಂತರ್ಜಾಲವೆಲ್ಲ ಒಮ್ಮೆಗೇ ನಿಂತಿತು, ಫೋನುಗಳದು ಕೂಡ. ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೆ ಮಿಣುಕುತ್ತಿದ್ದುವು. ಅಂತರ್ಜಾಲದವರಿಗೆ ಫೋನು ಮಾಡಲು ಹೊರಟಿದ್ದೆವು. ಅಷ್ಟರಲ್ಲಿ ಕಿರಿಯವನು, ಮೇಜಿನ ಹಿಂದೆ ತಂತಿಯೊಂದರ ತುದಿ ಸುಮ್ಮನೆ ಜೋತಾಡುತ್ತಿದ್ದುದನ್ನು ಕಂಡು "ಯಾಕೆ ಖಾಲಿ ಬಿಡಬೇಕು?" ಎಂದು ಅದನ್ನು ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸಿದ್ದಾಗಿ ಒಪ್ಪಿಕೊಂಡ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲೇ ಇತ್ತು! ಎಲ್ಲರಿಗೂ ಮುಟ್ಟಬೇಕಾದ ಸುತ್ತೋಲೆಯೊಂದು ಬಂದರೆ ಸ್ವಿಚ್ಚು ಅದನ್ನು ಎಲ್ಲ ಕಿಂಡಿಗಳಿಗೂ ಕಳುಹಿಸುತ್ತದೆ. ಒಂದು ಕಿಂಡಿಯಿಂದ ಹೋದದ್ದು ಇನ್ನೊಂದರಿಂದ ಮರಳಿ ಬಂದರೆ ಹೊಸ ಸುತ್ತೋಲೆಯೆಂದೇ ತಿಳಿದು ಮತ್ತೆ ಕಳುಹಿಸುತ್ತದೆ. ಇವುಗಳಿಗೆ ಆಯುಸ್ಸಿನ ಮಿತಿಯಿಲ್ಲ; ಕ್ಷಣಾರ್ಧದಲ್ಲಿ ಜಾಲವೆಲ್ಲ ಸುತ್ತೋಲೆಗಳಿಂದಲೇ ತುಂಬಿಹೋಗುತ್ತದೆ. ದೊಡ್ಡ ಜಾಲಗಳಲ್ಲಿ ಇದನ್ನು ತಡೆಯುವ ವಿಧಾನವನ್ನು ೧೯೮೫ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ರೂಪಿಸಿದರು. ಎಷ್ಟು ಸುತ್ತುಗಳಿದ್ದರೂ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತಿಲ್ಲದ ಮರದ ಆಕಾರವೊಂದನ್ನು ಆರಿಸಿಕೊಂಡು ಹೆಚ್ಚಿನ ದಾರಿಗಳನ್ನು ಮುಚ್ಚಿಡುತ್ತವೆ. ನಮ್ಮ ಅಗ್ಗದ ಸ್ವಿಚ್ಚಿನಲ್ಲಿ ಆ ಜಾಣ್ಮೆಯಿರಲಿಲ್ಲ. ತಂತಿಯನ್ನು ಕಿತ್ತೊಡನೆ ಮನೆ ಮೊದಲಿನಂತಾಯಿತು. ಅಂದಿನಿಂದ ಪ್ರತಿಯೊಂದು ತುದಿಗೂ ಕಾಗದದ ಚೀಟಿ ಅಂಟಿಸಿದ್ದೇವೆ, ಕನ್ನಡದಲ್ಲಿ: 'ಅಜ್ಜಿಯ ಟೀವಿ', 'ಆಟ', 'ಬಾಗಿಲಿಗೆ'.

ತಂತಿ ಹಾಕಿದೊಡನೆ ಎಲ್ಲ ದೋಷಗಳೂ ಹೋಗುತ್ತವೆಂದು ಹೇಳಿದರೆ ಅದು ಸುಳ್ಳಾದೀತು. ಹುಡುಗರು ಕೆಲವೊಮ್ಮೆ ಸಿಂಗಪುರದಲ್ಲಿರುವ ಯಂತ್ರದ ಮೂಲಕ ಆಡುತ್ತಾರೆ. ಮುಂಬಯಿಯಿಂದ ಸಿಂಗಪುರ ನೇರವಾಗಿ ಸುಮಾರು ೩,೯೦೦ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಹೋಗಿಬರಲು ೭,೮೦೦ ಕಿಲೋಮೀಟರು. ಭಾಗಿಸಿದರೆ ೩೯ ಮಿಲಿಸೆಕೆಂಡು. ಸಮುದ್ರದಡಿಯ ಕೇಬಲು ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಕಾಲ ಇದಕ್ಕಿಂತ ಹೆಚ್ಚೇ. ಇದನ್ನು ಕಡಮೆ ಮಾಡುವ ರೌಟರು ಇದೆಯೆಂದು ಯಾರಾದರೂ ಮಾರಲು ಬಂದರೆ ಈ ಭಾಗಾಕಾರವನ್ನು ಮಾಡಿ ತೋರಿಸಬಹುದು.

ಎರಡನೆಯ ತೊಡಕು ಮನೆಯೊಳಗಿನದೇ. ಇಂದಿನ ಆಟಗಳ ಗಾತ್ರ ೧೦೦ ಗಿಗಾಬೈಟನ್ನು ಮುಟ್ಟುವುದುಂಟು. ೧೦೦ ಮೆಗಾಬಿಟ್ಟಿನ ವೇಗದಲ್ಲಿ ಅದನ್ನು ಇಳಿಸಿಕೊಳ್ಳಲು ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ರೌಟರಿನ ಬಾಗಿಲಲ್ಲಿ ಉದ್ದನೆಯ ಸಾಲು ನಿಂತು, ಉಳಿದವರ ಸಣ್ಣ ಸಂದೇಶಗಳು ಆ ಸಾಲಿನ ಹಿಂದೆ ಸಿಕ್ಕಿಬೀಳುತ್ತವೆ. ಆಟದ ಯಂತ್ರಕ್ಕೆ ತಂತಿ ಬಂದ ಮೇಲೆ ಈ ಉಪದ್ರವ ಮೊದಲಿಗಿಂತ ಹೆಚ್ಚಾಯಿತೆಂದೇ ಹೇಳಬೇಕು! ಹಿಂದೆ ಅದು ಇಡೀ ವೇಗವನ್ನು ನುಂಗಲು ಶಕ್ತವಾಗಿರಲಿಲ್ಲ, ಈಗ ಶಕ್ತವಾಯಿತು. ರೌಟರಿನ ಏರ್ಪಾಟಿನಲ್ಲಿ ಟೀವಿಗೆ ಮೊದಲ ಮನ್ನಣೆ ಕೊಟ್ಟು, ಆಟದ ಯಂತ್ರಕ್ಕೆ ೨೦೦ ಮೆಗಾಬಿಟ್ಟಿನ ಮಿತಿಯನ್ನು ಹಾಕಿದೆವು. ದೊಡ್ಡ ಇಳಿಕೆಗಳೇನಿದ್ದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಎಂಬ ಕಟ್ಟಳೆಯನ್ನೂ ಮಾಡಿದ್ದೇವೆ. ಆದರೆ ಯಕ್ಷಗಾನ ಬೆಳತನಕ ನಡೆಯುವ ರಾತ್ರಿಗಳಲ್ಲಿ ಆ ಕಟ್ಟಳೆ ನಡೆಯುವುದಿಲ್ಲ. ಅಂದು ಹುಡುಗರು ಮರುದಿನದವರೆಗೆ ಕಾಯಬೇಕು. ಅಜ್ಜಿ ಈಗ ಟೀವಿಯನ್ನು ತಾವಾಗಿ ಆರಿಸುವುದಿಲ್ಲ. ಕಳೆದ ತಿಂಗಳು ಒಂದು ಆಟವನ್ನು ಮಂಗಳದವರೆಗೂ ನೋಡಿ, ಬೆಳಿಗ್ಗೆ ಚಹಾ ಕುಡಿಯುವಾಗ, ಎರಡನೆಯ ವೇಷದವನು ಕುಣಿತದಲ್ಲಿ ಸೋಮಾರಿತನ ಮಾಡಿದನೆಂದು ದೂರಿದರು.

ತಂತಿ, ಸ್ವಿಚ್ಚು, ಪಟ್ಟಿ, ಕನೆಕ್ಟರು ಎಲ್ಲ ಸೇರಿ ಆದ ವೆಚ್ಚ, ವೇಗವನ್ನು ಏರಿಸಿಕೊಳ್ಳಲು ನಾವು ಆರು ತಿಂಗಳಲ್ಲಿ ಹೆಚ್ಚಾಗಿ ತೆತ್ತ ಹಣಕ್ಕಿಂತ ಕಡಮೆಯೇ. ಬಾಲ್ಕನಿಯ ಸುರುಳಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ. ಕ್ರಿಂಪಿಂಗ್ ಇಕ್ಕಳವೂ ಎಂಟು ದೀಪಗಳ ಪರೀಕ್ಷಾ ಯಂತ್ರವೂ ಒಂದು ಮನೆಗೆ ಒಮ್ಮೆ ಬೇಕಾಗುವ ವಸ್ತುಗಳು. ಮನೆಗೊಂದರಂತೆ ಕೊಳ್ಳುವ ಅಗತ್ಯವಿಲ್ಲ. ನಮ್ಮವೆರಡನ್ನೂ ಒಂದು ಚೀಲದಲ್ಲಿ ಹಾಕಿ ಶಾಲೆಯ ಕಚೇರಿಯಲ್ಲಿ ಇರಿಸಿದ್ದೇವೆ. ಪಾಲಕರು ಹೆಸರು ಬರೆದಿಟ್ಟು ಒಯ್ಯಬಹುದು. ಒಯ್ದವರು ಶನಿವಾರದೊಳಗೆ ತಂದಿರಿಸಬೇಕು. ಚೀಲದೊಳಗೆ ಬಣ್ಣಗಳ ಅನುಕ್ರಮವನ್ನು ಬರೆದ ರಟ್ಟೂ ಇದೆ. ಬರೆದವನು ಕಿರಿಯವನಾದ್ದರಿಂದ 'ಕಿತ್ತಳೆ' ಎಂಬಲ್ಲಿ ಒಂದು ಒತ್ತಕ್ಷರ ತಪ್ಪಿದೆ, ಎಳೆಗಳು ತಪ್ಪಿಲ್ಲ.